ಕುಸುಮಕ್ಕನ ಮೂವರು ಅಣ್ಣತಮ್ಮಂದಿರು

ಮದ್ದಳೆ ಬಾರಿಸುವವನಿಗೆ ತಾಳಮದ್ದಳೆಯಲ್ಲಿ ಮಾತಿಲ್ಲ. ಹನ್ನೊಂದು ವರ್ಷ ಬಾಯಿಮುಚ್ಚಿ ಎಲ್ಲರ ಮಾತನ್ನೂ ಕೇಳಿದವನು ನಾನು. ಯಾರು ಎಲ್ಲಿ ತಪ್ಪುತ್ತಾರೆಂಬುದು ನನಗೆ ಬಾಯಿಪಾಠ. ಆದರೆ ಕುಸುಮಕ್ಕನ ವಿಷಯದಲ್ಲಿ ತಪ್ಪಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕುಸುಮಕ್ಕ ಈ ಅರಬ್ಬರ ನಾಡಿನಲ್ಲಿ, ರುಸೈಲ್‌ನ ಒಂದು ಪೈಪ್ ಕಾರ್ಖಾನೆಯಲ್ಲಿ ಲಾರಿಗಳಿಗೆ ಮಾಲು ಬಿಡುವ ಗುಮಾಸ್ತೆ. ಲಾರಿ ಚಾಲಕರನ್ನು ಹಿಂದಿಯಲ್ಲಿ ಸಾಲಾಗಿ ನಿಲ್ಲಿಸುತ್ತಾಳೆ, ಸಾಲು ತಪ್ಪಿದವನಿಗೆ ಅರಬ್ಬಿಯಲ್ಲಿ ಎರಡು ಮಾತು ಬಿಗಿಯುತ್ತಾಳೆ. ದಿನಾ ಬೆಳಿಗ್ಗೆ ಅಲ್ ಮವಾಲೇಹ್‌ನಿಂದ ಕಂಪನಿ ಬಸ್ಸು ಹತ್ತುವಾಗ ಕಿವಿಯಲ್ಲಿ ಊರಿನ ಹಳೆಯ ತಾಳಮದ್ದಳೆಯ ಧ್ವನಿಮುದ್ರಣ. ಆರಾರು ಗಂಟೆಯ ವಾದಗಳು ಅವಳಿಗೆ ಕಂಠಪಾಠ. ಇಷ್ಟಾದರೂ ನಮ್ಮ ಶುಕ್ರವಾರದ ಕೂಟದಲ್ಲಿ ಏಳು ವರ್ಷ ಅವಳಿಗೆ ಸಿಕ್ಕಿದ್ದು ಸಖಿ, ದೂತಿ, ತಪ್ಪಿದರೆ ಚಹಾದ ಉಸ್ತುವಾರಿ.

ನಮ್ಮದು ವೇಷವಿಲ್ಲದ, ಕುಣಿತವಿಲ್ಲದ ಆಟ. ಭಾಗವತ ಒಂದು ಪದ್ಯ ಹಾಡುತ್ತಾನೆ, ಪಾತ್ರಧಾರಿ ಕುಳಿತಲ್ಲೇ ಅದಕ್ಕೆ ತನ್ನ ಸ್ವಂತ ಮಾತಿನಲ್ಲಿ ಅರ್ಥ ಹೇಳುತ್ತಾನೆ, ಎದುರಿನವನೊಡನೆ ವಾದಕ್ಕಿಳಿಯುತ್ತಾನೆ. ವಾದದಲ್ಲಿ ಯಾರು ಬೇಕಾದರೂ ಗೆಲ್ಲಬಹುದು. ಕಥೆಯನ್ನು ಮಾತ್ರ ತಿರುಗಿಸುವಂತಿಲ್ಲ.

ಕಳೆದ ವರ್ಷ ಅವಳ ಕಾರ್ಖಾನೆಯ ಯಂತ್ರವೊಂದು ಕೆಟ್ಟಿತು. ಅದರ ರಿಪೇರಿಗೆಂದು ಬಂದ ಐರ್ಲೆಂಡಿನ ಎಂಜಿನಿಯರ್, ಬಿಡಿಭಾಗ ಬರುವ ತನಕ ಮೂರು ದಿನ ಅವಳ ಮೇಜಿನೆದುರು ಕುಳಿತು ತನ್ನೂರಿನ ಕಥೆ ಹೇಳಿದ. ಕಾಲ್ಲ ಎಂಬ ಒಂದೇ ಹೆಸರಿನ ಮೂವರು ಅಣ್ಣತಮ್ಮಂದಿರು. ರಾಜ್ಯಕ್ಕಾಗಿ ದೊರೆಯಾಗಿದ್ದ ದೊಡ್ಡಪ್ಪನನ್ನೇ ಕೊಂದರು. ರಕ್ತಸಂಬಂಧಿಯನ್ನು ಕೊಂದವನ ಸಂತಾನಕ್ಕೆ ಸಿಂಹಾಸನವಿಲ್ಲವೆಂದು ಜೋಯಿಸರ ಮಾತಿತ್ತು. ದೊಡ್ಡಪ್ಪನ ಮಗ ಮುರೆದಾಖ ಇವರನ್ನು ಕಡಲಾಚೆ ಓಡಿಸಿ ತಾನೇ ದೊರೆಯಾದ. ಮೂರು ವರ್ಷ ಕಳೆದು ಇವರು ಹಿಂತಿರುಗಿದರು, ಸಾಯಲಿಕ್ಕೆಂದೇ. ಕೆಣಕಿ ಕೆಣಕಿ ಅವನ ಕೈಯಿಂದ ಸತ್ತರೆ ಶಾಪ ಅವನಿಗೆ ತಟ್ಟುತ್ತದೆ, ಸಿಂಹಾಸನ ತಮ್ಮ ಮಕ್ಕಳಿಗೆ ಬರುತ್ತದೆ. ಮುರೆದಾಖ ಕೆರಳಲಿಲ್ಲ. ಸಹೋದರರು ಅವನ ಮಾತಿನಂತೆ ಬಡಗಣಕ್ಕೆ ಹೋಗಿ, ಕಾದಾಡಿ, ಒಬ್ಬನನ್ನು ಕಳೆದುಕೊಂಡು, ತಮ್ಮದೇ ರಾಜ್ಯ ಕಟ್ಟಿದರು.

ಕುಸುಮಕ್ಕ ಇದನ್ನು ಆರು ತಿಂಗಳು ಬಸ್ಸಿನಲ್ಲಿ ಕುಳಿತು, ಹಳೆಯ ಚಲನ್ ಹಾಳೆಗಳ ಹಿಂಬದಿಯಲ್ಲಿ, ಪದ್ಯ ಮಾಡಿದಳು. ತಂದು ನಮ್ಮ ಮುಂದಿಟ್ಟಳು.

"ಐರ್ಲೆಂಡಿನವರಿಗೆ ನಮ್ಮ ಕೂಟದಲ್ಲಿ ಎಂತ ಕೆಲಸ ಅಕ್ಕ?" ಎಂದ ಶೈಲೇಶ್. ಬೌಷರ್‌ನಲ್ಲಿ ವಿಮಾ ಕಚೇರಿಯ ಮ್ಯಾನೇಜರು. ನಮ್ಮಲ್ಲಿ ಅವನಷ್ಟು ಮಾತು ಬಲ್ಲವನಿಲ್ಲ, ಅವನಷ್ಟು ಬೇಗ ಮೂಗಿನ ತುದಿಗೆ ಸಿಟ್ಟು ಬರುವವನೂ ಇಲ್ಲ.

"ದಾಯಾದಿ ಜಗಳ ಯಾವ ಊರಲ್ಲಿ ಇಲ್ಲ ಶೈಲೇಶಣ್ಣ?"

ನಾನು ಸುಮ್ಮನಿರಬೇಕಿತ್ತು. "ಮೂವರಿಗೂ ಒಂದೇ ಹೆಸರಾದರೆ ಅಮ್ಮನಿಗೆ ಊಟಕ್ಕೆ ಕರೀಲಿಕ್ಕೆ ಸುಲಭ" ಎಂದು ನಗಿಸಿದೆ. ಕುಸುಮಕ್ಕ ನಗಲಿಲ್ಲ. ಆ ನಗೆಯ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಭಾಗವತ ಗುರುವಣ್ಣ ಹಾಳೆ ಎತ್ತಿಕೊಂಡು ಒಂದು ಪದ್ಯ ಗುನುಗಿದ. ತಾಳಕ್ಕೆ ಸರಿಯಾಗಿ ಕೂತಿತು. "ಒಂದು ಶುಕ್ರವಾರ ನೋಡುವ" ಎಂದ.

ಶೈಲೇಶ್ ಷರತ್ತು ಹಾಕಿದ. "ಆಯ್ತು. ಆದ್ರೆ ಕಥೆ ದಾರಿ ತಪ್ಪಿ ಭಾಗವತರು ನಡುವೆ ಬಾಯಿ ಹಾಕಿ ತಿದ್ದಬೇಕಾಗಿ ಬಂದ್ರೆ ಖಲಾಸ್. ಮತ್ತೆ ಈ ಪ್ರಸಂಗದ ಸುದ್ದಿ ಎತ್ತಬಾರದು."

"ಖಲಾಸ್" ಎಂದು ಅವಳೂ ಒಪ್ಪಿದಳು. "ದೊಡ್ಡ ಕಾಲ್ಲ ನಾನು. ದೊರೆ ನೀವು."

ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನಾವು ಕೂಡುವ ಕಟ್ಟಡದ ಕೆಳಗಿನ ಹಾಲಿನಲ್ಲಿ ನಲವತ್ತು ಜನ. ಕುಸುಮಕ್ಕ ಕಾರ್ಖಾನೆಯ ಬೂಟು ಕಳಚಿ, ಸೀರೆ ಉಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು. ತಮ್ಮಂದಿರ ಪರವಾಗಿಯೂ ಅವಳೇ ಮಾತಾಡಿದಳು. ಯುದ್ಧ, ಕೊಲೆ, ಗಡೀಪಾರು ಎಲ್ಲವೂ ಒಂದೂವರೆ ಗಂಟೆಯಲ್ಲಿ ಸುಸೂತ್ರ ಮುಗಿದವು. ಹಿಂತಿರುಗಿದ ಕಾಲ್ಲರು ದೊರೆ ಮುರೆದಾಖನ ಮುಂದೆ ಬಂದು ನಿಂತರು.

"ಕಡಲಾಚೆಯಿಂದ ಏನು ಸುದ್ದಿ ತಂದಿರಿ?" ಎಂದ ದೊರೆ.

"ನಿನ್ನ ತಂದೆಯನ್ನು ಕೊಂದ ಸುದ್ದಿ" ಎಂದಳು ಕುಸುಮಕ್ಕ.

"ಅದು ಹಳೆಯ ಸುದ್ದಿ."

"ಹಳೆಯದಾಗಲು ಬಿಟ್ಟವನು ನೀನು. ಮೂರು ಶ್ರಾದ್ಧ ಮಾಡಿದೆಯಲ್ಲ, ಪಿಂಡ ಇಡುವಾಗ ತಂದೆಯ ಮುಖ ನೆನಪಾಯಿತೋ, ಅವನು ಬಿಟ್ಟುಹೋದ ಕಿರೀಟವೋ? ನಿಜ ಹೇಳು ದೊರೆ, ಅವನು ಸತ್ತ ದಿನ ನಿನಗೆ ದುಃಖವಾಯಿತೋ, ದಾರಿಯಾಯಿತೋ? ದಾರಿಯಾಗಿದ್ದರೆ ನಾವು ನಿನ್ನ ಶತ್ರುಗಳಲ್ಲ, ನಿನಗೆ ಪಟ್ಟ ಕಟ್ಟಿದ ಪುರೋಹಿತರು. ದಕ್ಷಿಣೆ ಎಲ್ಲಿ?"

ಶೈಲೇಶನ ಕುತ್ತಿಗೆ ಕೆಂಪಾದದ್ದನ್ನು ನಾನು ಪಕ್ಕದಿಂದಲೇ ನೋಡಿದೆ. ಅವನು ದೊರೆಯನ್ನು ಮರೆತ, ಕಥೆಯನ್ನೂ ಮರೆತ. ಮೂವತ್ತು ವರ್ಷ ವೀರರ ಪಾತ್ರ ಮಾಡಿದ ನಾಲಗೆ ತಾನಾಗಿಯೇ ಹೊರಳಿತು.

"ನಾಲಗೆ ಬಿಗಿಹಿಡಿ. ಇದೋ ಒರೆಯಿಂದ ಕತ್ತಿ ಬಂತು. ಮೂರು ತಲೆಯೂ ಈಗಲೇ ನೆಲಕ್ಕೆ."

ನನ್ನ ಕೈ ಮದ್ದಳೆಯ ಮೇಲೆಯೇ ನಿಂತಿತು. ಇನ್ನೊಂದು ಮಾತಿಗೆ ಕಾಲ್ಲರು ಸತ್ತರೆ ರಾಜ್ಯ ಕಟ್ಟುವವರಾರು? ಗುರುವಣ್ಣ ತಿದ್ದಲೆಂದು ಬಾಯಿ ತೆರೆಯುತ್ತಿದ್ದ. ಕುಸುಮಕ್ಕ ಅವನತ್ತ ನೋಡದೆ ಅಂಗೈ ಎತ್ತಿ ತಡೆದಳು. ಅವಳ ಪಾಡು ಎಷ್ಟು ಇಕ್ಕಟ್ಟಿನದೆಂದು ಆಗ ಹೊಳೆಯಿತು. ಸಾಯಲೆಂದೇ ಬಂದ ಕಾಲ್ಲ ಬೇಡ ಎನ್ನುವಂತಿಲ್ಲ. ಕಡಿ ಎಂದರೆ ಇವನು ಕಡಿದೇಬಿಡುವವನು.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

"ತಮ್ಮಂದಿರೇ, ಬನ್ನಿ. ಅಣ್ಣ ಕತ್ತಿ ಹಿರಿದ. ಮೂರು ವರ್ಷ ಪರದೇಶದ ಅನ್ನ ತಿಂದದ್ದು ಈ ಒಂದು ಗಳಿಗೆಗೆ. ನಮ್ಮ ಮಕ್ಕಳಿಗೆ ಹೇಳಿ ಕಳುಹಿಸಿ, ಸಿಂಹಾಸನದ ಧೂಳು ಒರೆಸಿಡಲಿ. ಜೋಯಿಸರ ಮಾತು ಸುಳ್ಳಾಗದು. ಕೊಂದವನ ವಂಶ ಇಳಿಯುತ್ತದೆ, ಸತ್ತವರ ವಂಶ ಏರುತ್ತದೆ. ದೊರೆ, ನಿನಗೆ ಕೈ ಮುಗಿಯುತ್ತೇನೆ, ತಡಮಾಡಬೇಡ."

ಹೇಳಿ, ತಲೆ ಬಾಗಿಸಿ, ಜಡೆಯನ್ನು ಮುಂದಕ್ಕೆ ಸರಿಸಿ ಕುತ್ತಿಗೆ ತೋರಿಸಿ ಕೂತಳು.

ಶೈಲೇಶ್ ಬಿಟ್ಟ ಕಣ್ಣು ಬಿಟ್ಟಂತೆಯೇ ಅವಳನ್ನು ನೋಡಿದ. ಕುತ್ತಿಗೆಯ ಕೆಂಪು ನಿಧಾನಕ್ಕೆ ಇಳಿಯಿತು. ದೊರೆ ಅವನೊಳಗೆ ಹಿಂತಿರುಗಿ ಬಂದ.

"ಓಹೋ. ಸಾವನ್ನು ಸಾಲ ಕೇಳಲು ಬಂದಿರೋ? ಕೊಡಲಾರೆ. ಕತ್ತಿ ಒರೆಗೆ ಹೋಯಿತು. ಏಳು ತಮ್ಮ. ನನ್ನ ತಂದೆಯ ಕೊಲೆಗೆ ನಿನಗೆ ಬದುಕೇ ಶಿಕ್ಷೆ. ಬಡಗಣ ದಿಕ್ಕಿನಲ್ಲಿ ನೆಲವುಂಟು, ನಿನ್ನ ತೋಳುಂಟು. ಬೇಕಾದರೆ ನಿನ್ನದನ್ನು ನೀನೇ ಕಟ್ಟಿಕೊ."

ಗುರುವಣ್ಣ ಮುಂದಿನ ಪದ್ಯ ಎತ್ತಿದ. ಆ ದಿನ ನಾನು ಬಾರಿಸಿದಷ್ಟು ಜೋರಾಗಿ ಎಂದೂ ಬಾರಿಸಿಲ್ಲ. ಮೇಲಿನ ಮಹಡಿಯವರು ಏನು ಗದ್ದಲವೆಂದು ಕೇಳಲು ಬಂದರು, ಬಂದವರು ಅಲ್ಲೇ ಕೂತರು. ಬಡಗಣದ ಕೋಟೆ ಉರಿಯಿತು, ಒಬ್ಬ ಕಾಲ್ಲ ಯುದ್ಧದಲ್ಲಿ ಬಿದ್ದ, ಉಳಿದಿಬ್ಬರು ರಾಜ್ಯ ಕಟ್ಟಿದರು. ಐದೂಮುಕ್ಕಾಲಿಗೆ ಮಂಗಳ ಹಾಡಿದೆವು.

ಆಮೇಲೆ ಯಾರೋ ಅಭ್ಯಾಸಬಲದಿಂದ "ಕುಸುಮಕ್ಕ, ಚಹಾ?" ಎಂದರು. ನಾನು ಎದ್ದು ಮಾಡಿದೆ. ಸಕ್ಕರೆ ಹೆಚ್ಚಾಯಿತಂತೆ, ಇರಲಿ.

ಶೈಲೇಶ್ ಲೋಟ ಹಿಡಿದು ಅವಳ ಹತ್ತಿರ ಬಂದು ಕೂತ.

"ನಾನು ಕಡಿದೇಬಿಡ್ತಿದ್ದೆ ಅಕ್ಕ. ನಿಜಕ್ಕೂ ಮರೆತೆ."

"ಗೊತ್ತಾಯ್ತು."

"ಕೂಟದ ವಾರ್ಷಿಕೋತ್ಸವಕ್ಕೆ ಇದನ್ನೇ ಇಡುವ. ನನ್ನದೇನೂ ತಕರಾರಿಲ್ಲ." ಲೋಟ ಕೆಳಗಿಟ್ಟ. "ಒಂದು ಮಾತು. ಆ ದಿನ ದೊಡ್ಡ ಕಾಲ್ಲ ನನಗೆ ಕೊಡಿ. ಜನ ಜಾಸ್ತಿ ಬರ್ತಾರೆ, ನಿಮಗೂ ಕಷ್ಟ."

ಕುಸುಮಕ್ಕ ಚಲನ್ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ, ಅಂಚು ತಟ್ಟಿ ಸರಿಮಾಡಿ, ಚೀಲಕ್ಕೆ ಹಾಕಿದಳು.

"ಅದು ನಾನು ಕಟ್ಟಿದ್ದು ಶೈಲೇಶಣ್ಣ," ಎಂದಳು. "ನಿಮಗೆ ದೊರೆ ಉಂಟಲ್ಲ."