ಜಿನ್ನವ್ವನ ನೋವು, ಗಂಡನ ಮೈಮೇಲೆ

ಕಲ್ಲೋಳಿಯ ಜಿನ್ನವ್ವ ಗೋಕಾಕದ ದವಾಖಾನೆಗೆ ಮೊದಲು ಬಂದದ್ದು ೨೦೦೪ರ ಬೇಸಿಗೆಯಲ್ಲಿ. ಎಲುಬಿನ ಡಾಕ್ಟರ್ ಮಹೇಶನಿಗೆ ಆ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಬಲಗಾಲು ತುಸು ಎಳೆದು ಹಾಕುವ ನಡಿಗೆ. ಮುಂದೆ ಗಂಡ ಕುಂಥುನಾಥ, ಬಗಲಲ್ಲಿ ಎಕ್ಸ್‌ರೇಗಳ ಕಟ್ಟು.

ಮಹೇಶ ಕೇಳಿದ್ದು ಹೆಂಡತಿಯನ್ನು, ಉತ್ತರ ಕೊಟ್ಟದ್ದು ಗಂಡ. ನೋವು ಮೊಣಕಾಲಿಗಂತೆ. ಎಣ್ಣೆ ತಿಕ್ಕಿದ್ದಾಯಿತು, ಹುಕ್ಕೇರಿಗೆ ಹೋಗಿ ಪಟ್ಟಿ ಕಟ್ಟಿಸಿದ್ದಾಯಿತು. ರಾತ್ರಿ ನಿದ್ದೆ ಬರುತ್ತದೆಯೇ ಎಂದರೆ ಅದಕ್ಕೂ ಅವನೇ, "ಚಲೋ ಬರತೈತ್ರಿ" ಎಂದ. ಜಿನ್ನವ್ವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಎಕ್ಸ್‌ರೇಯಲ್ಲಿ ಮೊಣಕಾಲು ಗಟ್ಟಿಮುಟ್ಟಾಗಿತ್ತು. ಮಹೇಶನಿಗೆ ತನ್ನ ಅವ್ವ ನೆನಪಾದಳು. ಪರಗಂಡಸರ ಮುಂದೆ, ಸೊಂಟದಿಂದ ಕೆಳಗಿನ ನೋವೆಲ್ಲ ಆಕೆಗೂ ಮೊಣಕಾಲೇ.

"ಅಕ್ಕಾರ, ನಿಮ್ಮ ಮೈಮ್ಯಾಲ ತೋರಸಬ್ಯಾಡ್ರಿ. ಇವರ ಮೈಮ್ಯಾಲ ತೋರಸ್ರಿ," ಎಂದು ಕುಂಥುನಾಥನನ್ನೇ ಮೇಜಿನ ಮೇಲೆ ಮಲಗಿಸಿದ.

ಜಿನ್ನವ್ವ ಬಾಗಿಲ ಕಡೆ ಒಮ್ಮೆ ನೋಡಿ, ಗಂಡನ ತೊಡೆಸಂದಿಗೆ ಹೆಬ್ಬೆರಳು ಒತ್ತಿದಳು. ಅವನಿಗೆ ವಿಪರೀತ ಕಚಗುಳಿ. ನಕ್ಕು ಹೊರಳಾಡಿ ಮೇಜಿನಿಂದ ಬೀಳುವುದರಲ್ಲಿದ್ದ.

"ಸುಮ್ನ ಮಲ್ಕೋರಿ. ನಂದಿನ್ನೂ ಮುಗದಿಲ್ಲ," ಎಂದು ಜಿನ್ನವ್ವ ಗದರಿದಳು. ದವಾಖಾನೆಯಲ್ಲಿ ಆಕೆ ಆಡಿದ ಮೊದಲ ಮಾತು ಅದು.

ಈಗ ಮಹೇಶ ಆಕೆಯನ್ನು ಮಲಗಿಸಿ, ಕಾಲನ್ನು ಎದೆಯತ್ತ ಮಡಚಿ ಒಳಕ್ಕೆ ತಿರುಗಿಸಿದ. ಕೀಲು ಕಟಕ್ಕೆಂದಿತು, ಆಕೆ ಮುಖ ಕಿವುಚಿದಳು. ಬೆಳಗಾವಿಯ ಸ್ಕ್ಯಾನಿಂಗ್ ಅದನ್ನೇ ಖಾತ್ರಿಪಡಿಸಿತು: ತೊಡೆಯ ಎಲುಬಿನ ಗುಂಡು ಕೂರುವ ಬಟ್ಟಲಿನ ಅಂಚಿಗೆ ರಬ್ಬರಿನಂಥ ಬಳೆಯೊಂದಿರುತ್ತದೆ, ಅದು ಹರಿದಿತ್ತು. ಗಂಡ ಹೆಂಡತಿ ಊರಲ್ಲಿ ನಡೆಸುವ ಖಾನಾವಳಿಯಲ್ಲಿ ವರ್ಷಾನುಗಟ್ಟಲೆ ಒಂದು ಕಾಲು ಮಡಚಿ ಕೂತು ರೊಟ್ಟಿ ಬಡಿದದ್ದು ಅದನ್ನು ಇನ್ನಷ್ಟು ಕೆಡಿಸಿತ್ತು.

ಜಿನ್ನವ್ವ ಕೇಳಿದ್ದು ಒಂದೇ: ಒಲೆಯ ಮುಂದಿನ ಜಾಗ ತನಗೆ ಉಳಿಯುತ್ತದೆಯೇ? ನೆಲದ ಮೇಲೆ ಕೂರುವುದು ಬಂದ್, ವ್ಯಾಯಾಮ ಮಾಡಬೇಕು, ವಾಸಿಯಾಗದಿದ್ದರೆ ಆಪರೇಶನ್, ನಿಂತು ಬಡಿಯಬಹುದು ಎಂದ ಮಹೇಶ.

"ನಿಂತ ಬಡದ್ರ ಅದು ರೊಟ್ಟಿ ಅಲ್ರಿ, ಕಲ್ಲಿನ ಮ್ಯಾಲ ಅರಬಿ ಒಗದಂಗ."

"ಹಂಗಾರ ಇವರು ಕುಂತ ಬಡೀಲಿ," ಎಂದು ಮಹೇಶ ಕುಂಥುನಾಥನತ್ತ ಕೈ ಮಾಡಿದ.

ಕುಂಥುನಾಥ ಬಡಿದ. ಗಿರಾಕಿಗಳು ಅವನ ರೊಟ್ಟಿ ಮುರಿಯಲು ಎರಡೂ ಕೈ ಹಚ್ಚಿದರು, ಕೆಲವರು ಊಟ ಬಿಟ್ಟೆದ್ದರು. ಬಾಜೂದ ಕೋಣೆಯಲ್ಲಿ ಕಾಲೆತ್ತಿ ಇಳಿಸುವ ವ್ಯಾಯಾಮ ಮಾಡುತ್ತಿದ್ದ ಜಿನ್ನವ್ವನಿಗೆ ಆ ತಪತಪ ಸದ್ದು ಕೇಳಿ ತಡೆಯಲಾಗಲಿಲ್ಲ. ಗೌಂಡಿಯನ್ನು ಕರೆಸಿ ಸೊಂಟದೆತ್ತರದ ಕಟ್ಟೆ ಕಟ್ಟಿಸಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ನೋವು ಇಳಿಯಿತು, ಆಪರೇಶನ್ ಬೇಕಾಗಲಿಲ್ಲ. ಜಿನ್ನವ್ವ ಈಗ ಕಲ್ಲೋಳಿಯ ತನ್ನ ಖಾನಾವಳಿಯಲ್ಲಿ ನಿಂತು ರೊಟ್ಟಿ ಬಡಿಯುತ್ತಾಳೆ.