ಪಾಂಪೆಯಲ್ಲಿ ಖಾಲಿಯಾದ ಡಬ್ಬಿ

ಆ ಡಬ್ಬಿಯನ್ನು ಅಲ್ಲಾಡಿಸಿದರೆ ಒಳಗೆ ಕಲ್ಲು ಉರುಳಿದಂತೆ ಸದ್ದಾಗುತ್ತದೆ. ಕಲ್ಲಲ್ಲ, ವರ್ಷಗಟ್ಟಲೆ ಕೂತು ಗಟ್ಟಿಯಾದ ಸಕ್ಕರೆ. ಅಂಗೈಯಗಲದ ಸ್ಟೀಲ್ ಡಬ್ಬಿ; ತಳದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆಸಿದ ‘ನಸೀಮಾ’ ಎಂಬ ಹೆಸರು. ಅಮ್ಮ ತೀರಿಕೊಂಡ ಮೇಲೆ ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಮನೆ ಮಾರುವಾಗ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಸಿಕ್ಕಿತು. ನಾನು ಬೆಳೆದ ಮನೆ ಅದು. ಒಗ್ಗರಣೆಯ ವಾಸನೆ ಗೋಡೆಗೇ ಅಂಟಿದ್ದ ಆ ಮನೆಯ ಪಾತ್ರೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟೆವು. ಇದೊಂದನ್ನು ಕಾರಿನ ಪಕ್ಕದ ಸೀಟಿನಲ್ಲಿಟ್ಟುಕೊಂಡು ನಾನೀಗಿರುವ ಶಾಮ್‌ಬರ್ಗ್‌ಗೆ ಬಂದೆ. ರಸ್ತೆ ಕೆಟ್ಟಲ್ಲೆಲ್ಲ ಅದು ಲೊಟಲೊಟ ಎನ್ನುತ್ತಿತ್ತು.

ನಸೀಮಾ ಆಂಟಿ ದಾವಣಗೆರೆಯವರು, ನಮ್ಮ ಹತ್ತಿರದ ಊರು ನೋವೈಯಲ್ಲಿದ್ದರು. ಅಮ್ಮನಿಗೆ ಅಕ್ಕತಂಗಿಯರಿಗಿಂತ ಹೆಚ್ಚು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಕನ್ನಡದ ನಾಲ್ಕಾರು ಕುಟುಂಬಗಳು ಸೇರಿ ಯುರೋಪ್ ಟೂರ್ ಹೊರಟೆವು. ಜರ್ಮನಿಯ ಕೋಟೆಗಳಲ್ಲಿ ಗಂಡಸರು ಫಿರಂಗಿ ನೋಡಲು, ಮಕ್ಕಳು ರಾಣಿಯ ಮಂಚ ನೋಡಲು ಓಡಿದರೆ, ಇವರಿಬ್ಬರೂ ನೇರ ಅಡುಗೆಮನೆಗೆ. “ಏಟು ದೊಡ್ಡ ಒಲಿ ನೋಡ್ರಿ ಸುಮಾ! ಊದಿ ಊದಿ ಯಾವಾಕಿ ಜೀವ ಹೋತೋ,” ಎಂದು ಆಂಟಿ ಅಮ್ಮನಿಗೆ ತೋರಿಸುತ್ತ, ನೆರೆಮನೆಯ ಸೊಸೆಗೆ ಮರುಗುವಂತೆ ಮರುಗುತ್ತಿದ್ದರು. “ಅಡುಗೆಮನೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?” ಎಂದು ಅಪ್ಪ ಕಿಚಾಯಿಸುತ್ತಿದ್ದರು.

ಕೊನೆಗೆ ನೋಡಿದ್ದು ಪಾಂಪೆ, ಬೂದಿಯಲ್ಲಿ ಹೂತುಹೋದ ರೋಮನ್ನರ ಊರು. ಸುಡುಬಿಸಿಲು, ಸೂರಿಲ್ಲದ ಮನೆಗಳು, ಬಂಡಿ ಓಡಾಡಿ ಸವೆದ ಕಲ್ಲುಹಾದಿ. ಜ್ವಾಲಾಮುಖಿ ಸಿಡಿದ ದಿನ ಬೇಯಲಿಟ್ಟ ರೊಟ್ಟಿಗಳು ಒಲೆಯಲ್ಲೇ ಕರಿಕಲ್ಲಾಗಿ ಸಿಕ್ಕವೆಂದು ಗೈಡ್ ಹೇಳಿದಾಗ ಅಮ್ಮನ ಕಣ್ಣು ತುಂಬಿತು. “ಯಾರ್ಯಾರಿಗೆ ಕೊಡ್ಬೇಕಿತ್ತೋ ಪಾಪ,” ಎಂದಳು. ಆಮೇಲೆ ನೆರಳಲ್ಲಿ ಕೂತು ಬ್ರೆಡ್ಡಿಗೆ ಆಂಟಿಯ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಅದನ್ನು ತುಂಬಿ ತಂದಿದ್ದ ಈ ಡಬ್ಬಿ ಖಾಲಿಯಾಯಿತು. ಆಂಟಿ ಕೈಚಾಚಿದರೆ ಅಮ್ಮ ಕೊಡಲಿಲ್ಲ. “ಖಾಲಿ ಡಬ್ಬಿ ಕೊಡ್ಬಾರ್ದು ಕಣ್ರೀ. ಮನೆಗೆ ಹೋಗಿ ಏನಾದ್ರೂ ತುಂಬಿಸಿ ಕೊಡ್ತೀನಿ.”

ವಾಪಸಾದ ಕೆಲವೇ ದಿನಗಳಲ್ಲಿ ಆಂಟಿಯ ಗಂಡನ ಕೆಲಸ ಹೋಯಿತು, ಅದರ ಹಿಂದೆಯೇ ವೀಸಾ; ದಾವಣಗೆರೆಗೆ ಮರಳಲೇಬೇಕಾಯಿತು. ಬೀಳ್ಕೊಡುವಾಗ ಅಮ್ಮ ಡಬ್ಬಿಗೆ ಸಕ್ಕರೆ ತುಂಬಿ ಒಯ್ದಿದ್ದಳು. ಆಂಟಿ ಅದನ್ನು ಅವಳ ಕೈಗೇ ಮರಳಿ ಒತ್ತಿದರು. “ನಿಮ್ಮ ಹತ್ರನ ಇರ್ಲಿ. ಇದನ್ನ ಇಸ್ಕೊಳ್ಳಾಕಾದ್ರೂ ಬರ್ತೀನಿ.” ಇಬ್ಬರೂ ಅತ್ತರು. ಅಂದಿನಿಂದ ಪ್ರತಿ ಯುಗಾದಿಗೆ ಅಮ್ಮ ಹಳೆ ಸಕ್ಕರೆ ತೆಗೆದು ಪಾಯಸಕ್ಕೆ ಹಾಕಿ, ಹೊಸದನ್ನು ತುಂಬಿಡುತ್ತಿದ್ದಳು. ಒಂದು ದಿನ ದಾವಣಗೆರೆಯಿಂದ ಫೋನ್ ಬಂತು. ಆಂಟಿ ಹೋಗಿಬಿಟ್ಟಿದ್ದರು. ಆಮೇಲೆ ಅಮ್ಮ ಆ ಸಕ್ಕರೆಯನ್ನು ಬದಲಿಸಲೂ ಇಲ್ಲ, ಚೆಲ್ಲಲೂ ಇಲ್ಲ.

ಈಗ ಡಬ್ಬಿ ನನ್ನ ಅಡುಗೆಮನೆಯಲ್ಲಿದೆ. ಮೊನ್ನೆ ಮಗಳು ಅದನ್ನು ಅಲ್ಲಾಡಿಸಿ, “ಕ್ಯಾನ್ ವಿ ಜಸ್ಟ್ ಎಂಪ್ಟಿ ಇಟ್, ಅಮ್ಮಾ?” ಎಂದಳು. ಬಿಸಿನೀರು ಹಾಕಿದರೆ ಕ್ಷಣದಲ್ಲಿ ಕರಗೀತು. ನಾನು ಅವಳ ಕೈಯಿಂದ ಅದನ್ನು ಇಸಿದುಕೊಂಡೆ.

“ಬೇಡ ಪುಟ್ಟಾ,” ಎಂದೆ. “ಅದು ನಮ್ದಲ್ಲ.”