ಎರಡು ಪಟ್ಟಿಯಲ್ಲಿ ಒಂದು ಹೆಸರು

ಡೊಂಬಿವಲಿಗೆ ಬಂದು ಎರಡು ವಾರವೂ ಆಗಿರಲಿಲ್ಲ. ಬಾಗಿಲು ಬಡಿದ ಮನುಷ್ಯ ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಕೈಯಲ್ಲಿ ಉದ್ದದ ಕಾಗದ ಹಿಡಿದುಕೊಂಡು, "ಭಾಭೀ, ಘರ್ ಮೇ ಕಿತ್ನೇ ವೋಟ್ ಹೈ?" ಎಂದ. ಮನೆಯಲ್ಲಿ ಎಷ್ಟು ಓಟುಗಳಿವೆ ಎಂದು. ಉಡುಪಿ ಕಡೆಯ ನಮ್ಮ ಊರಿನಲ್ಲಿ ಓಟು ಕೇಳಲು ಬಂದವರೂ ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ದನ ಕರು ಹಾಕಿತಾ ಎಂದು ವಿಚಾರಿಸಿ ಆಮೇಲೆ ವಿಷಯ ತೆಗೆಯುತ್ತಾರೆ. ಇವನು ನೆಟ್ಟಗೆ ಎಣಿಸಲು ಬಂದಿದ್ದ. ಒಂದೂ ಇಲ್ಲ ಎಂದು ಬಾಗಿಲು ಹಾಕಿಕೊಂಡೆ.

ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ನನ್ನ ಗಂಡ ಸಂಜೆ ಬಂದು, "ಪಾಪ, ಪಟ್ಟಿಗೆ ಹೆಸರು ಸೇರಿಸುವವನಿರಬೇಕು" ಎಂದು ನಕ್ಕರು. ನಾನು ನಂಬಲಿಲ್ಲ. ಸುಲಭಕ್ಕೆ ನಂಬುವುದು ನನ್ನ ಜಾಯಮಾನವೇ ಅಲ್ಲ. ಕುಚ್ಚಲಕ್ಕಿ ಇದೆ ಎಂದ ಅಂಗಡಿಯವನನ್ನೂ ನಂಬದೆ ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದು ನೋಡಿದವಳು ನಾನು. ಹೆಸರು ಕೊಟ್ಟರೆ ಏನು ಮಾಡುತ್ತಾರೋ ಯಾರಿಗೆ ಗೊತ್ತು? ಊರಿನ ಪಟ್ಟಿಯಲ್ಲಿ ನನ್ನ ಹೆಸರು ಭದ್ರವಾಗಿತ್ತು. ಮದುವೆಯಾಗಿ ಹೋದ ತಂಗಿಯ ಹೆಸರನ್ನು ಅಣ್ಣ ತೆಗೆಸಿರಲಿಲ್ಲ. "ಇರಲಿ ಬಿಡು, ನೀನು ನಮ್ಮ ಮನೆಯವಳೇ ಅಲ್ವಾ?" ಎನ್ನುತ್ತಿದ್ದ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಗೋಡೆಯಾಚೆಯ ಮರಾಠಿ ಮಾತು ಒಂದಕ್ಷರ ತಿಳಿಯದೆ ಕೂತಿದ್ದವಳಿಗೆ ಆ ಮಾತು ದೊಡ್ಡ ಧೈರ್ಯವಾಗಿತ್ತು.

ಎರಡು ವರ್ಷದ ಮೇಲೆ ಠಾಣೆಯ ಕೋಪರಿಯಲ್ಲಿ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತು. ಪೌರನೀತಿ ಪಾಠ ನನ್ನ ಪಾಲಿಗೆ ಬಂತು. ಸಂವಿಧಾನದಲ್ಲಿ ಮೂರು ಪಟ್ಟಿಗಳಿವೆ, ರೈಲು ಕೇಂದ್ರದ್ದು, ಪೊಲೀಸು ರಾಜ್ಯದ್ದು, ಶಿಕ್ಷಣ ಇಬ್ಬರದೂ ಎಂದು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೆ. ಬರೆಯುವಾಗ ಎಷ್ಟು ಚಂದ! ಆದರೆ ಲೋಕಲ್ ರೈಲು ಹಿಡಿಯಲು ಹೋಗುವ ದಾರಿಯಲ್ಲಿ ಒಂದು ಚರಂಡಿಯ ಹಾಸುಗಲ್ಲು ಒಡೆದು ಬಾಯಿ ಬಿಟ್ಟುಕೊಂಡಿತ್ತು. ಒಂದು ಕಚೇರಿಯಲ್ಲಿ ಕೇಳಿದರೆ ಆಚೆಯವರದ್ದು, ಆಚೆ ಕೇಳಿದರೆ ಈಚೆಯವರದ್ದು. ಅಧಿಕಾರವನ್ನು ಹಂಚಿದ್ದು ಒಬ್ಬನ ಕೈಯಲ್ಲೇ ಎಲ್ಲವೂ ಸೇರದಿರಲಿ ಎಂದು, ಅದು ನನಗೂ ಗೊತ್ತು. ನೆಪಗಳನ್ನೂ ಜೊತೆಯಲ್ಲೇ ಹಂಚಿಕೊಟ್ಟರೋ ಏನೋ ಎಂಬ ಗುಮಾನಿ ಮಾತ್ರ ಆವತ್ತಿನಿಂದ ಹೋಗಲಿಲ್ಲ.

ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಪ್ರಶ್ನೆ ಹಾಕುವವರು. ಒಮ್ಮೆ ಒಬ್ಬ ಹುಡುಗಿ, "ಟೀಚರ್, ನಗರಸೇವಕ್ ಕೋ ಹಮ್ ಚುನ್‌ತೇ, ಫಿರ್ ಮೇಯರ್ ಕೋ ಕೌನ್ ಚುನ್‌ತಾ?" ಎಂದಳು. ನಗರಸೇವಕ ಎಂದರೆ ಇಲ್ಲಿ ಪಾಲಿಕೆಯ ವಾರ್ಡಿನ ಸದಸ್ಯ; ಅವನನ್ನು ನಾವು ಆರಿಸಿದರೆ ಮೇಯರನ್ನು ಆರಿಸುವುದು ಯಾರು ಎಂದು ಅವಳ ಪ್ರಶ್ನೆ. ನಾವು ಸದಸ್ಯರನ್ನು ಆರಿಸುತ್ತೇವೆ, ಸದಸ್ಯರು ಸೇರಿ ಮೇಯರನ್ನು ಆರಿಸುತ್ತಾರೆ, ದಿಲ್ಲಿಯಲ್ಲಿ ಪ್ರಧಾನಿಯೂ ಸದಸ್ಯರ ಬಹುಮತದಿಂದಲೇ ಎಂದೆ. "ಅಂದ್ರೆ ನಮ್ಗೆ ಕೇಳೋದೇ ಇಲ್ಲ?" ಎಂದಳು, ಆ ಒಂದು ವಾಕ್ಯ ಕನ್ನಡದಲ್ಲೇ. ಅದಕ್ಕೇ ಇರುವ ಒಂದು ಓಟನ್ನು ಜೋಪಾನವಾಗಿ ಹಾಕಬೇಕು, ಒಬ್ಬರಿಗೆ ಒಂದೇ ಓಟು ಎಂದು ಗಟ್ಟಿಯಾಗಿ ಹೇಳಿ ಪಾಠ ಮುಗಿಸಿದೆ.

ಆ ಹೊತ್ತಿಗೆ ನನಗೇ ಎರಡಾಗಿದ್ದವು. ಎದುರು ಮನೆಯ ಕಾಕೂ, ಅಂದರೆ ಚಿಕ್ಕಮ್ಮ ಎಂದು ನಾನು ಕರೆಯುತ್ತಿದ್ದವಳು, ಮಾಡಿಸಿದ್ದು. ನನಗೆ ಮರಾಠಿ ಕಲಿಸಿದ, ನಾನು ಜ್ವರದಲ್ಲಿ ಮಲಗಿದ್ದಾಗ ನಾಲ್ಕು ದಿನ ಪೇಜ್, ಅಂದರೆ ನಮ್ಮ ಗಂಜಿಯನ್ನೇ, ಕಾಯಿಸಿ ತಂದುಕೊಟ್ಟ ಹೆಂಗಸು. ನೀರಿಗಾಗಿ ನಾನು ಕಟ್ಟಡದ ಸಭೆಯಲ್ಲಿ ಜಗಳ ಆಡಿದ ದಿನ, "ಪಾನೀ ಇಧರ್ ಕಾ ಪೀತೀ ಹೋ, ವೋಟ್ ಉಧರ್?" ಎಂದು ಕೇಳಿದಳು. ಕುಡಿಯುವ ನೀರು ಇಲ್ಲಿಯದು, ಓಟು ಅಲ್ಲಿಯದಾ ಎಂದು. ಅವಳೇ ಕೈ ಹಿಡಿದು ಕರೆದುಕೊಂಡು ಹೋಗಿ ಫಾರಂ ತುಂಬಿಸಿದಳು. ಬೇರೆ ಎಲ್ಲಾದರೂ ಹೆಸರಿದೆಯೇ ಎಂಬ ಜಾಗದಲ್ಲಿ ಇಲ್ಲ ಎಂದು ಬರೆದೆ. ಊರೆಲ್ಲವನ್ನೂ ಅನುಮಾನಿಸುವ ನಾನು ಆ ಒಂದು ಸುಳ್ಳನ್ನು ತಿರುಗಿಯೂ ನೋಡಲಿಲ್ಲ.

ಇಲ್ಲಿಗೆ ಬಂದ ಹದಿನಾಲ್ಕನೆಯ ವರ್ಷ ಊರಿನಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಬಂತು. ನಮ್ಮ ವಾರ್ಡು ಮಹಿಳೆಗೆ ಮೀಸಲು. ಅಣ್ಣನಿಗೆ ನಿಲ್ಲಲಾಗದು, ಅತ್ತಿಗೆಯನ್ನು ನಿಲ್ಲಿಸಿದ. ನಿಲ್ಲುವುದು ಅತ್ತಿಗೆ, ಆಳುವುದು ಅಣ್ಣ ಎಂದು ನನಗೆ ಆಗಲೇ ಅನುಮಾನ. ಸುದ್ದಿ ಹೇಳಲು ಫೋನು ಮಾಡಿದವನಿಗೆ, ಅತ್ತಿಗೆಗೇ ಕೊಡು ಎಂದೆ.

"ನಿಮಗೆ ಮನಸ್ಸುಂಟಾ ಅತ್ತಿಗೆ?"

"ಉಂಟು ಮಾರಾಯ್ತಿ. ಅವರ ಹತ್ತಿರ ಹೇಳಬೇಡ, ಗೆದ್ದರೆ ಮೀಟಿಂಗಿಗೆ ನಾನೇ ಹೋಗುವವಳು. ನೀನು ಬಾ. ಒಂದೊಂದು ಓಟೂ ಬೇಕು."

ಆ ಮಾತಿಗೆ ಕರಗಿಹೋದೆ. ಊರಿನ ಓಟಿಗೆ ಇಲ್ಲಿಂದ ಬಸ್ಸುಗಳು ಹೊರಡುವ ಪದ್ಧತಿ ಉಂಟು. ಹೋಟೆಲಿನವರು, ಕ್ಯಾಂಟೀನಿನವರು ಹತ್ತಿ ಕೂರುತ್ತಾರೆ, ಬಸ್ಸು ಯಾರದ್ದು ಎಂದು ಯಾರೂ ಕೇಳುವುದಿಲ್ಲ. ಅಣ್ಣನನ್ನು ಕೇಳಿದರೆ "ಹಿತೈಷಿಗಳದ್ದು" ಎಂದ. ಆ ಹಿತೈಷಿಗಳ ಮೇಲೆ ನನಗೆ ನಂಬಿಕೆ ಬರಲಿಲ್ಲ, ನನ್ನದೇ ಟಿಕೆಟಿನಲ್ಲಿ ರೈಲು ಹತ್ತಿದೆ. ದಾರಿಯುದ್ದಕ್ಕೂ ವಕೀಲರ ಹಾಗೆ ವಾದ ಕಟ್ಟಿದೆ. ಅದು ಪಂಚಾಯತ್, ಇದು ಪಾಲಿಕೆ. ಅದು ಬೇರೆ ರಾಜ್ಯ, ಇದು ಬೇರೆ ರಾಜ್ಯ. ಒಂದೇ ಚುನಾವಣೆಗೆ ಎರಡು ಸಲ ಹಾಕುವುದಿಲ್ಲವಲ್ಲ! ರತ್ನಾಗಿರಿ ದಾಟುವಷ್ಟರಲ್ಲಿ ನನ್ನ ಕೇಸು ನಾನೇ ಗೆದ್ದಿದ್ದೆ.

ಮತಗಟ್ಟೆ ನಾನು ಓದಿದ ಶಾಲೆಯಲ್ಲೇ ಇತ್ತು. ಎದುರು ಪಾಳಯದ ಏಜೆಂಟಾಗಿ ಕೂತಿದ್ದವಳು ವನಜ, ಏಳನೆಯ ತರಗತಿಯವರೆಗೆ ನನ್ನ ಪಕ್ಕ ಕೂತವಳು. ನನ್ನನ್ನು ನೋಡಿ ನಕ್ಕಳು. ಮತ್ತೆ ಅಧಿಕಾರಿಯ ಕಡೆ ತಿರುಗಿದಳು.

"ಸಾರ್, ಇವಳು ಬೊಂಬಾಯಿಯಲ್ಲಿ ಇರುವವಳು. ಅಲ್ಲಿ ಓಟಿಲ್ಲ ಅಂತ ಒಂದು ಮಾತು ಹೇಳಲಿ, ನಾನು ಸುಮ್ಮನಿರ್ತೇನೆ."

ಅಧಿಕಾರಿ ಪಟ್ಟಿ ನೋಡಿದರು, ನನ್ನ ಹಳೆಯ ಗುರುತಿನ ಚೀಟಿ ನೋಡಿದರು. "ಪಟ್ಟಿಯಲ್ಲಿ ಹೆಸರುಂಟು, ಗುರುತೂ ಸರಿಯುಂಟು. ನೀವೇ ಹೇಳಿ ಅಮ್ಮ, ಅಲ್ಲಿ ಉಂಟಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಬಾಗಿಲ ಹೊರಗೆ ಅತ್ತಿಗೆ ಹೊಸ ಸೀರೆಯುಟ್ಟು ನನ್ನನ್ನೇ ನೋಡುತ್ತಿದ್ದಳು. ಒಬ್ಬರಿಗೆ ಒಂದೇ ಎಂದು ನಾನು ಎಷ್ಟು ತರಗತಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

"ಉಂಟು" ಎಂದೆ. ಬೆರಳಿಗೆ ಶಾಯಿ ತಾಗುವ ಮೊದಲೇ ಹೊರಗೆ ಬಂದೆ.

ಎಣಿಕೆಯ ದಿನದವರೆಗೆ ಊರಿನಲ್ಲೇ ಉಳಿದೆ. ಅತ್ತಿಗೆ ಮೂರು ಓಟಿನ ಅಂತರದಲ್ಲಿ ಸೋತಳು. ನನ್ನ ಒಂದರಿಂದ ಗೆಲ್ಲುತ್ತಿರಲಿಲ್ಲ, ಆದರೆ ಅಣ್ಣನ ಲೆಕ್ಕ ಹಾಗಿರಲಿಲ್ಲ. "ಸತ್ಯ ಹೇಳುವುದಕ್ಕೆ ಅಷ್ಟು ದೂರದಿಂದ ಬರಬೇಕಿತ್ತಾ?" ಎಂದ. ಅತ್ತಿಗೆ ಬುತ್ತಿ ಕಟ್ಟಿಕೊಟ್ಟಳು. ರೈಲಿನಲ್ಲಿ ಅದನ್ನು ತಿನ್ನುವಾಗ ಅಳು ಬಂತು.

ಡೊಂಬಿವಲಿಗೆ ಮರಳಿ ಹೆಸರು ತೆಗೆಸುವ ಫಾರಂ ತರಿಸಿಕೊಂಡೆ. ಯಾವ ಊರಿನದು ಎಂದು ನಿರ್ಧರಿಸಲು ಒಂದು ತಿಂಗಳು ಹಿಡಿಯಿತು. ಕಾಕೂವನ್ನು ಕೇಳಲಿಲ್ಲ, ಗಂಡನನ್ನೂ ಕೇಳಲಿಲ್ಲ, ಇಬ್ಬರೂ ಅವರವರ ಕಡೆಗೇ ಎಳೆಯುತ್ತಾರೆ ಎಂಬ ಗುಮಾನಿ. ದಿನಾ ನಡೆಯುವ ದಾರಿ ಇಲ್ಲಿಯದು, ಜಗಳ ಇಲ್ಲಿಯದು, ಕೊನೆಗೆ ಊರಿನ ಹೆಸರನ್ನೇ ತೆಗೆಸಲು ಬರೆದೆ. ಕಾರಣ ಎಂಬಲ್ಲಿ 'ಸ್ಥಳಾಂತರ' ಎಂದು ಬರೆದು ಅಂಚೆಗೆ ಹಾಕಿದೆ.

ಮಳೆಗಾಲ ಶುರುವಾದ ಮೇಲೆ ಅಣ್ಣನ ಫೋನು ಬಂತು.

"ಪಟ್ಟಿ ನೋಡುವವರು ಮನೆಗೆ ಬಂದಿದ್ದರು. ಇವಳು ಈ ಮನೆಯಲ್ಲಿ ವಾಸವಿಲ್ಲ ಅಂತ ಬರೆದುಕೊಡಿ ಅಂದರು. ಬರೆದುಕೊಟ್ಟೆ."

"ನಿಜವೇ ಅಲ್ವಾ ಅಣ್ಣ?"

"ನಿಜವೇ. ಆದರೆ ನನ್ನ ಕೈಯಲ್ಲೇ ಬರೆಸಿದೆಯಲ್ಲ."

ಆಮೇಲೆ ಅವನು, "ಚೌತಿಗೆ ಬರ್ತೀಯಾ?" ಎಂದು ಕೇಳಿದ. ಇಷ್ಟು ವರ್ಷ, ನನ್ನನ್ನು ಕರೆದುಕೊಂಡು ಹೋಗಲು ತಾನು ಯಾವ ದಿನ ಸ್ಟೇಶನ್ನಿಗೆ ಬರಬೇಕು ಎಂದಷ್ಟೇ ಕೇಳುತ್ತಿದ್ದವನು.